‘ಫಾರ್ಮ್ಯಾಟ್ ಹೊಡೀಬೇಕು’ ಅನ್ನೋ ಮುಂಚೆ: ಲಿನಕ್ಸ್ ಬೂಟ್ ಆಗದಿದ್ರೆ, ಬಿಲ್ಡ್ ಮುರಿದ್ರೆ ಎಲ್ಲಿ ನೋಡಬೇಕು?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತೆ, ಅಷ್ಟೇ. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕಂದ್ರೆ ಟಿಪಿಎಂ 2.0 ಚಿಪ್ ಬೇಕು; ಇಂಟೆಲ್ ಯಂತ್ರವಾದ್ರೆ ಹೆಚ್ಚೂಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯ, ಇವತ್ತಿಗೂ ಸರಿಯಾಗಿ ಓಡ್ತಿರೋ ಯಂತ್ರಗಳು ಕಂಪನಿಯ ಲೆಕ್ಕದಲ್ಲಿ ಗುಜರಿ. ಅವುಗಳಿಗೆ ಉಳಿದಿರೋ ಮರ್ಯಾದಸ್ಥ ದಾರಿ ಅಂದ್ರೆ ಲಿನಕ್ಸ್. ಮಿಂಟ್ ಆಗ್ಲಿ, ಉಬುಂಟು ಆಗ್ಲಿ, ಡೆಬಿಯನ್ ಆಗ್ಲಿ, ಹಾಕೋದು ಅರ್ಧ ಗಂಟೆ ಕೆಲಸ.

ತೊಂದರೆ ಬರೋದು ಹಾಕಿದ ಮೇಲೆ. ರೋಣ ತಾಲ್ಲೂಕಿನ ಅಸೂಟಿಯಂಥ ಊರಲ್ಲಿ ಒಂದು ಹಳೇ ಡೆಸ್ಕ್‌ಟಾಪ್‌ಗೆ ಕಾಲೇಜಿಗೆ ಹೋಗೋ ಹುಡುಗನೊಬ್ಬ ಲಿನಕ್ಸ್ ಹಾಕಿಕೊಟ್ಟ ಅಂದ್ಕೊಳ್ಳಿ. ಎಂಟು ತಿಂಗಳು ಚೆನ್ನಾಗಿ ನಡೆಯುತ್ತೆ. ಒಂದು ಸಂಜೆ ಅಪ್‌ಡೇಟ್ ನಡೀತಿರುವಾಗ ಕರೆಂಟ್ ಹೋಗುತ್ತೆ. ಮಾರನೇ ದಿನ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ. ಹುಡುಗ ಆಗಲೇ ಬೆಂಗಳೂರು ಸೇರಿರ್ತಾನೆ. ಸಿಪಿಯು ಹೊತ್ಕೊಂಡು ರೋಣಕ್ಕೋ ಗದಗಕ್ಕೋ ಹೋದ್ರೆ ಅಂಗಡಿಯಲ್ಲಿ ಸಿಗೋ ಉತ್ತರ ಇಷ್ಟು: “ಇದು ಲಿನಕ್ಸ್ ಐತಿ ರೀ, ಫಾರ್ಮ್ಯಾಟ್ ಹೊಡದು ವಿಂಡೋಸ್ ಹಾಕಿಕೊಡ್ತೀವಿ.” ಸ್ವಸಹಾಯ ಸಂಘದ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಪಹಣಿ, ಮನೆಯವರ ಫೋಟೋ ಎಲ್ಲಾ ಹೋಗುತ್ತೆ. ಬದಲಿಗೆ ಬರೋ ವಿಂಡೋಸ್ ಹೆಚ್ಚಾಗಿ ಲೈಸೆನ್ಸ್ ಇಲ್ಲದ್ದೇ.

ಈ ಲೇಖನ ಆ ಅಂಗಡಿಗೆ ಹೋಗೋ ಮುಂಚೆ ಓದೋಕೆ. ಬೂಟ್ ಆಗದ ಲಿನಕ್ಸ್‌ಗೆ ಫಾರ್ಮ್ಯಾಟ್ ಬೇಕಾಗೋದು ಅಪರೂಪ, ಯಾಕಂದ್ರೆ ಅದು ಎಲ್ಲಿ ನಿಂತಿದೆ ಅನ್ನೋದನ್ನ ಪರದೆ ಮೇಲೆ ತಾನೇ ಬರೆದಿರುತ್ತೆ. ಅದನ್ನ ಓದೋದು ಗೊತ್ತಿರಬೇಕು. ಇಲ್ಲಿ ಆಜ್ಞೆಗಳನ್ನ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೀನಿ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳ್ತೀನಿ. ಡೆಬಿಯನ್, ಉಬುಂಟು, ಮಿಂಟ್ ಕುಟುಂಬವನ್ನ ಮನಸ್ಸಲ್ಲಿಟ್ಟು ಬರೆದದ್ದು.

ಐದು ಕೈ ದಾಟಿ ಬರೋ ಯಂತ್ರ

ಪವರ್ ಬಟನ್ ಒತ್ತಿದ ಕೂಡಲೇ ಎಚ್ಚರವಾಗೋದು ಮದರ್‌ಬೋರ್ಡಿನಲ್ಲಿರೋ ಬಯಾಸ್ ಅಥವಾ ಯುಇಎಫ್‌ಐ. ಅದು ಡಿಸ್ಕ್ ಹುಡುಕಿ ಗ್ರಬ್ ಅನ್ನೋ ಬೂಟ್‌ಲೋಡರ್‌ಗೆ ಕೆಲಸ ಒಪ್ಪಿಸುತ್ತೆ. ಗ್ರಬ್ ಎರಡು ಫೈಲನ್ನ ಮೆಮೊರಿಗೆ ಎಳೆದುಕೊಳ್ಳುತ್ತೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರ‍್ಯಾಮ್‌ಎಫ್‌ಎಸ್, ಅಂದ್ರೆ ಡಿಸ್ಕ್ ತೆರೆಯೋಕೆ ಬೇಕಾದ ಡ್ರೈವರ್‌ಗಳ ಪುಟ್ಟ ಗಂಟು. ಆ ಗಂಟಿನ ಸಹಾಯದಿಂದ ಕರ್ನಲ್ ಮುಖ್ಯ ಪಾರ್ಟಿಷನ್ ತೆರೆದು ಸಿಸ್ಟಮ್‌ಡಿಗೆ ಬಿಡುತ್ತೆ. ಸಿಸ್ಟಮ್‌ಡಿ ಉಳಿದ ಸೇವೆಗಳನ್ನೂ ಕೊನೆಗೆ ಲಾಗಿನ್ ಪರದೆಯನ್ನೂ ಎಬ್ಬಿಸುತ್ತೆ. ಯಾವ ಕೈಯಿಂದ ಯಾವ ಕೈಗೆ ಹೋಗುವಾಗ ಬಿತ್ತು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಮೊದಲು ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೀರಿ, ಆಮೇಲೆ ಆಫ್ ಮಾಡಿ.

‘ನೋ ಬೂಟೆಬಲ್ ಡಿವೈಸ್’ ಅಂತ ಬಂದ್ರೆ ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ. ಹಳೇ ಡೆಸ್ಕ್‌ಟಾಪ್‌ನಲ್ಲಿ ನಾನು ಮೊದಲು ಅನುಮಾನ ಪಡೋದು ಮದರ್‌ಬೋರ್ಡ್ ಮೇಲಿರೋ ನಾಣ್ಯದಂಥ ಸೆಲ್ ಮೇಲೆ. ಅದರ ನಂಬರ್ ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತೆ. ಆ ಸೆಲ್ ಸತ್ತಿದ್ದು ಕರೆಂಟ್ ಪೂರ್ತಿ ಹೋದ್ರೆ ಬಯಾಸ್ ತನ್ನ ನೆನಪು ಕಳ್ಕೊಳ್ಳುತ್ತೆ: ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗುತ್ತೆ, ಬೂಟ್ ಕ್ರಮ ಬದಲಾಗುತ್ತೆ, ಕೆಲವು ಯಂತ್ರಗಳಲ್ಲಿ ಡಿಸ್ಕಿನ ಎಎಚ್‌ಸಿಐ ಮೋಡ್ ಕೂಡ ಬೇರೆಯಾಗುತ್ತೆ. ತಾರೀಖು ತಪ್ಪಿದ್ರೆ ತೊಂದರೆ ಅಲ್ಲಿಗೇ ನಿಲ್ಲಲ್ಲ. ಬ್ರೌಸರ್ ಎಲ್ಲಾ ವೆಬ್‌ಸೈಟೂ ಅಸುರಕ್ಷಿತ ಅನ್ನುತ್ತೆ, ‘ಆಪ್ಟ್ ಅಪ್‌ಡೇಟ್’ ಕೊಟ್ರೆ ಫೈಲ್ ಇನ್ನೂ ಸಿಂಧುವಾಗಿಲ್ಲ ಅನ್ನುತ್ತೆ, ಬಿಲ್ಡ್ ಮಾಡುವಾಗ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಅಂತ ಬರುತ್ತೆ. ನೋಡೋಕೆ ನಾಲ್ಕು ರೋಗ, ಬೇರು ಒಂದೇ ಸೆಲ್. ಸೆಲ್ ಹೊಸದಾದ ಮೇಲೂ ಯುಇಎಫ್‌ಐ ಪಟ್ಟಿಯಲ್ಲಿ ಲಿನಕ್ಸ್ ಕಾಣದಿದ್ರೆ ಲೈವ್ ಪೆನ್‌ಡ್ರೈವ್ ಬೇಕು. ಅದಕ್ಕೆ ಮುಂದೆ ಬರ್ತೀನಿ.

‘ಗ್ರಬ್ ರೆಸ್ಕ್ಯೂ’ ಅಂತ ಬರೆದು ಕರ್ಸರ್ ಮಿನುಗ್ತಿದ್ರೆ, ಗ್ರಬ್ ಎದ್ದಿದೆ, ಆದ್ರೆ ತನ್ನ ಫೈಲುಗಳು ಸಿಗ್ತಿಲ್ಲ. ಯಾರೋ ವಿಂಡೋಸ್ ಕಡೆಯಿಂದ ಪಾರ್ಟಿಷನ್ ಅಳಿಸಿದಾಗ ಅಥವಾ ಹಿಗ್ಗಿಸಿದಾಗ ಹೀಗಾಗೋದು ಹೆಚ್ಚು. ‘ಎಲ್‌ಎಸ್’ ಕೊಟ್ರೆ ಪಾರ್ಟಿಷನ್‌ಗಳ ಪಟ್ಟಿ ಬರುತ್ತೆ, ಉದಾಹರಣೆಗೆ (ಎಚ್‌ಡಿ0,ಜಿಪಿಟಿ2). ಒಂದೊಂದಕ್ಕೂ ‘ಎಲ್‌ಎಸ್ (ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್’ ಅಂತ ಕೊಟ್ಟು ನೋಡಿ. ಫೈಲುಗಳ ಹೆಸರು ಬಂದ ಪಾರ್ಟಿಷನ್ನೇ ನಿಮ್ಮದು. ಆಮೇಲೆ ಕ್ರಮವಾಗಿ ‘ಸೆಟ್ ರೂಟ್=(ಎಚ್‌ಡಿ0,ಜಿಪಿಟಿ2)’, ‘ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್’, ‘ಇನ್ಸ್‌ಮಾಡ್ ನಾರ್ಮಲ್’, ‘ನಾರ್ಮಲ್’. ಮೆನು ಬರುತ್ತೆ. ಒಳಗೆ ಹೋದ ಮೇಲೆ ಗ್ರಬ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡಿ ‘ಅಪ್‌ಡೇಟ್-ಗ್ರಬ್’ ಕೊಡಿ, ಇಲ್ಲಾಂದ್ರೆ ನಾಳೆ ಮತ್ತೆ ಇದೇ ಕಥೆ.

ಕರೆಂಟ್ ಹೋದಾಗ ಆಗೋದು

ನಮ್ಮ ಕಡೆ ಅತಿ ಹೆಚ್ಚು ಕಾಣೋ ಎರಡು ಪರದೆ ಇವು.

ಒಂದು, ‘ಕರ್ನಲ್ ಪ್ಯಾನಿಕ್’, ಜೊತೆಗೆ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಅನ್ನೋ ಸಾಲು. ಭಯಪಡಬೇಡಿ, ಬಹುತೇಕ ಸಲ ಡಿಸ್ಕಿಗೆ ಏನೂ ಆಗಿರಲ್ಲ. ಹೊಸ ಕರ್ನಲ್ ಬಂದಿದೆ, ಅದರ ಇನಿಟ್‌ರ‍್ಯಾಮ್‌ಎಫ್‌ಎಸ್ ಗಂಟು ಕಟ್ಟೋ ಮುಂಚೆ ಕರೆಂಟ್ ಹೋಗಿದೆ ಅಥವಾ ‘/ಬೂಟ್’ ಪಾರ್ಟಿಷನ್ ತುಂಬಿಹೋಗಿದೆ. ಯಂತ್ರ ಆನ್ ಮಾಡಿದ ಕೂಡಲೇ ಎಸ್ಕೇಪ್ ಕೀ (ಹಳೇ ಬಯಾಸ್ ಆದ್ರೆ ಶಿಫ್ಟ್) ಒತ್ತಿ ಗ್ರಬ್ ಮೆನು ತರಿಸಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಇರುತ್ತೆ, ಅದನ್ನ ಆರಿಸಿ. ನಿನ್ನೆವರೆಗೆ ಓಡ್ತಿದ್ದದ್ದು ಇವತ್ತೂ ಓಡುತ್ತೆ. ಒಳಗೆ ಹೋಗಿ ‘ಡಿಎಫ್ -ಎಚ್’ ಕೊಟ್ಟು ಜಾಗ ನೋಡಿ. ತುಂಬಿದ್ರೆ ‘ಸುಡೊ ಆಪ್ಟ್ ಆಟೋರಿಮೂವ್’ ಹಳೇ ಕರ್ನಲ್‌ಗಳನ್ನ ತೆಗೆಯುತ್ತೆ. ಆಮೇಲೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’: ಅರ್ಧಕ್ಕೆ ನಿಂತ ಇನ್‌ಸ್ಟಾಲ್‌ಗಳನ್ನ ಇದು ಪೂರ್ತಿ ಮಾಡುತ್ತೆ, ಗಂಟನ್ನೂ ಕಟ್ಟುತ್ತೆ. ಒಂದು ಎಚ್ಚರಿಕೆ: ಜಾಗ ಬೇಕು ಅಂತ ‘/ಬೂಟ್’ ಒಳಗಿನ ಫೈಲುಗಳನ್ನ ಕೈಯಾರೆ ಅಳಿಸಬೇಡಿ. ಪ್ಯಾಕೇಜ್ ವ್ಯವಸ್ಥೆಗೆ ಗೊತ್ತಿಲ್ಲದೆ ಅಳಿಸಿದ್ದು ಮುಂದಿನ ಅಪ್‌ಡೇಟ್‌ನಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತೆ.

ಎರಡು, ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಅಂತ ಆವರಣದಲ್ಲಿ ಬರೆದು ನಿಲ್ಲೋ ಪರದೆ. ಇಲ್ಲಿ ಕರ್ನಲ್ ಎದ್ದಿದೆ, ಮುಖ್ಯ ಪಾರ್ಟಿಷನ್ ಸರಿಯಾಗಿ ಮುಚ್ಚಿಲ್ಲ ಅಂತ ಅದು ಮುಂದೆ ಹೋಗ್ತಿಲ್ಲ. ಮೇಲಿನ ಸಾಲುಗಳಲ್ಲಿ ಆ ಪಾರ್ಟಿಷನ್ ಹೆಸರು ಇರುತ್ತೆ, ಉದಾಹರಣೆಗೆ ‘/ಡೆವ್/ಎಸ್‌ಡಿಎ2’. ‘ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2’ ಕೊಟ್ಟು, ಮುಗಿದ ಮೇಲೆ ‘ರೀಬೂಟ್’. ಹೆಚ್ಚಿನ ಸಲ ಇಷ್ಟೇ.

ಆದ್ರೆ ಒಂದು ಸಂದರ್ಭದಲ್ಲಿ ಇದನ್ನ ಮಾಡಲೇಬಾರದು. ಪರದೆ ಮೇಲೆ ‘ಐ/ಓ ಎರರ್’ ಸಾಲುಗಳು ಸುರೀತಿದ್ರೆ, ಡಿಸ್ಕ್ ಟಿಕ್ ಟಿಕ್ ಅಂತಿದ್ರೆ, ಡಿಸ್ಕೇ ಸಾಯ್ತಿದೆ ಅಂತ ಅರ್ಥ. ಸಾಯ್ತಿರೋ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ ಓಡಿಸಿದ್ರೆ ಉಳಿದಿದ್ದೂ ಹೋಗುತ್ತೆ. ಲೈವ್ ಪೆನ್‌ಡ್ರೈವ್‌ನಿಂದ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ‘ರಿಅಲೊಕೇಟೆಡ್’, ‘ಪೆಂಡಿಂಗ್ ಸೆಕ್ಟರ್’ ಸಾಲುಗಳ ಕೊನೇ ಸಂಖ್ಯೆ ನೋಡಿ. ಸೊನ್ನೆ ಇರಬೇಕು. ಏರ್ತಾ ಇದ್ರೆ ಮೊದಲು ಬೇಕಾದ ಫೈಲುಗಳನ್ನ ಹೊರಗೆ ತೆಗೀರಿ, ಆಗದಿದ್ರೆ ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಡಿಸ್ಕಿನ ನಕಲು ಮಾಡಿ. ರಿಪೇರಿ ಏನಿದ್ರೂ ಆ ನಕಲಿನ ಮೇಲೆ.

ಎಮರ್ಜೆನ್ಸಿ ಮೋಡ್, ಚೌಕ ಚೌಕ ಅಕ್ಷರ

‘ಯೂ ಆರ್ ಇನ್ ಎಮರ್ಜೆನ್ಸಿ ಮೋಡ್’ ಅನ್ನೋದನ್ನ ನೋಡಿ ಗಾಬರಿಯಾಗೋರೇ ಜಾಸ್ತಿ. ಕಾರಣ ಹೆಚ್ಚಾಗಿ ಸಣ್ಣದು: ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ ಈಗ ಯಂತ್ರಕ್ಕೆ ಸಿಕ್ಕಿಸಿರದ ಡಿಸ್ಕಿನ ಹೆಸರಿದೆ. ಒಂದೂವರೆ ನಿಮಿಷ ಕಾದು ಬರಲಿಲ್ಲ ಅಂತ ಸಿಸ್ಟಮ್‌ಡಿ ಕೈಚೆಲ್ಲುತ್ತೆ. ಆ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ, ಅಥವಾ ಆಯ್ಕೆಗಳ ಜಾಗದಲ್ಲಿ ‘ನೋಫೇಲ್’ ಸೇರಿಸಿ. ಏನು ಬಿತ್ತು ಅಂತ ಖಚಿತವಾಗಬೇಕಂದ್ರೆ ‘ಜರ್ನಲ್‌ಸಿಟಿಎಲ್ -ಬಿ -ಪಿ ಎರ್’ (ಕೊನೇ ಪದ ಇ, ಆರ್, ಆರ್) ಈ ಬೂಟಿನ ದೋಷಗಳನ್ನಷ್ಟೇ ತೋರಿಸುತ್ತೆ.

ಉಬುಂಟುವಿನಲ್ಲಿ ರೂಟ್ ಖಾತೆ ಬೀಗ ಹಾಕಿರೋದ್ರಿಂದ ಎಮರ್ಜೆನ್ಸಿ ಮೋಡ್ ಒಳಗೇ ಬಿಡದಿರಬಹುದು. ಆಗ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗೋ ಸಾಲಿನ ಕೊನೆಗೆ ‘ಇನಿಟ್=/ಬಿನ್/ಬ್ಯಾಶ್’ ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿ. ಪಾಸ್‌ವರ್ಡ್ ಕೇಳದೆ ರೂಟ್ ಆಗಿ ಒಳಗಿರ್ತೀರಿ. ‘ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /’ ಕೊಟ್ಟು ಫೈಲ್ ತಿದ್ದಿ. ಹೌದು, ಇದರರ್ಥ ನಿಮ್ಮ ಯಂತ್ರದ ಮುಂದೆ ಕೂತ ಯಾರಾದ್ರೂ ಇದನ್ನೇ ಮಾಡಬಹುದು. ಸಂಘಟನೆಯ ಸದಸ್ಯರ ಪಟ್ಟಿ, ಆರ್‌ಟಿಐ ಕಾಗದ, ವರದಿಗಾರಿಕೆಯ ಮೂಲ ಇಟ್ಟುಕೊಂಡವರು ಲಾಗಿನ್ ಪಾಸ್‌ವರ್ಡ್ ನಂಬ್ಕೊಂಡು ಕೂರಬಾರದು. ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಷನ್ ಆರಿಸಬೇಕು. ಆರಿಸಿದ್ರೆ ‘ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್’ ಮೂಲಕ ಹೆಡರ್‌ನ ನಕಲನ್ನ ಬೇರೆ ಪೆನ್‌ಡ್ರೈವ್‌ನಲ್ಲಿಡಿ (ಇಲ್ಲಿ ಹೆಡರ್‌ನ ಎಚ್, ಬ್ಯಾಕಪ್‌ನ ಬಿ ದೊಡ್ಡಕ್ಷರ). ಹೆಡರ್ ಕೆಟ್ಟರೆ ಸರಿಯಾದ ಪಾಸ್‌ವರ್ಡ್ ಗೊತ್ತಿದ್ರೂ ಡಿಸ್ಕ್ ತೆರೆಯಲ್ಲ.

ಇಲ್ಲೊಂದು ನಮ್ಮದೇ ಭಾಷೆಯ ಪೇಚು. ಸಿಸ್ಟಮ್ ಭಾಷೆ ಕನ್ನಡ ಇಟ್ಟುಕೊಂಡವರಿಗೆ ಈ ಕಪ್ಪು ಪರದೆಯಲ್ಲಿ ಕೆಲವು ಸಂದೇಶಗಳು ಬರೀ ಚೌಕಗಳಾಗಿ ಕಾಣುತ್ತವೆ. ಲಿನಕ್ಸಿನ ಪಠ್ಯ ಕನ್ಸೋಲ್‌ಗೆ ಒತ್ತಕ್ಷರ ಜೋಡಿಸೋಕೆ ಬರಲ್ಲ, ಅದರ ಫಾಂಟ್‌ನಲ್ಲಿ ಹಿಡಿಸೋದೇ ಹೆಚ್ಚೆಂದ್ರೆ 512 ಚಿಹ್ನೆ. ‘ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ’ ಅಂತ ಕೊಡಿ; ‘ಎಲ್‌ಸಿ_ಆಲ್’ ಮತ್ತು ಕೊನೇ ‘ಸಿ’ ದೊಡ್ಡಕ್ಷರ. ಸಂದೇಶಗಳು ಇಂಗ್ಲಿಷಿಗೆ ಬರುತ್ತವೆ. ಬಿಲ್ಡ್ ದೋಷ ಹುಡುಕುವಾಗಲೂ ಇದನ್ನೇ ಮಾಡಬೇಕು, ಯಾಕಂದ್ರೆ ಕನ್ನಡದ ಸಂದೇಶವನ್ನ ಹುಡುಕಿದ್ರೆ ನೆಟ್‌ನಲ್ಲಿ ಉತ್ತರ ಸಿಗೋದು ಕಷ್ಟ. ಸ್ವಯಂಸೇವಕರು ವರ್ಷಗಟ್ಟಲೆ ಕೂತು ಅನುವಾದ ಮಾಡಿದ ಕನ್ನಡ, ಬೇಕಾದ ಹೊತ್ತಲ್ಲೇ ಕೆಲಸಕ್ಕೆ ಬರದಿರೋದು ಬೇಜಾರಿನ ಸಂಗತಿ. ಕನ್ನಡದಲ್ಲಿ ಪರಿಹಾರ ಬರೆದಿಡೋರು ಹೆಚ್ಚಾಗೋವರೆಗೆ ಹೀಗೇ.

ಲೋಗೋ ಬಂದು ಪರದೆ ಕಪ್ಪಾದ್ರೆ, ಅಥವಾ ಪಾಸ್‌ವರ್ಡ್ ಹಾಕಿದ ಮೇಲೂ ಮತ್ತೆ ಲಾಗಿನ್ ಪರದೆಗೇ ಬಂದ್ರೆ, ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ನೋಡಿ. ಪಠ್ಯ ಲಾಗಿನ್ ಸಿಕ್ಕರೆ ಸಿಸ್ಟಮ್ ಬದುಕಿದೆ. ಮೊದಲು ‘ಡಿಎಫ್ -ಎಚ್’: ಡಿಸ್ಕ್ ಶೇ 100 ತುಂಬಿರೋದೇ ಲಾಗಿನ್ ಸುತ್ತಾಟದ ಮಾಮೂಲಿ ಕಾರಣ. ಜಾಗ ಇದ್ರೆ ಗ್ರಾಫಿಕ್ಸ್ ಡ್ರೈವರ್ ಕಡೆ ತಿರುಗಿ. ಗ್ರಬ್ ಸಾಲಿನಲ್ಲಿ ‘ನೋಮೋಡ್‌ಸೆಟ್’ ಸೇರಿಸಿ ಬೂಟ್ ಮಾಡಿ.

ಬೀಗದ ಕೈ ಯಾರ ಹತ್ರ?

2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ, ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡಿದ್ದ ಅನೇಕರಿಗೆ ಲಿನಕ್ಸ್ ತೆರೆಯಲೇ ಇಲ್ಲ. ‘ಎಸ್‌ಬಿಎಟಿ ಸೆಲ್ಫ್-ಚೆಕ್ ಫೇಲ್ಡ್’ ಅನ್ನೋ ಸಂದೇಶ. ಗ್ರಬ್‌ನ ಹಳೇ ಆವೃತ್ತಿಗಳಲ್ಲಿ ನಿಜವಾದ ಭದ್ರತಾ ತೂತು ಇತ್ತು, ಅದನ್ನ ಮುಚ್ಚೋಕೆ ಮೈಕ್ರೋಸಾಫ್ಟ್ ಯುಇಎಫ್‌ಐ ಒಳಗಿನ ನಿಷೇಧಪಟ್ಟಿ ಬದಲಿಸಿತು. ಎರಡು ಸಿಸ್ಟಮ್ ಇರೋ ಯಂತ್ರಗಳಿಗೆ ಇದು ಹೋಗಲ್ಲ ಅಂತ ಹೇಳಿದ್ದ ಅಪ್‌ಡೇಟ್ ಅವುಗಳಿಗೂ ಹೋಯ್ತು. ಪರಿಹಾರ ಇತ್ತು: ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್‌ಗೆ ಹೋಗಿ ‘ಸುಡೊ ಮೊಕ್‌ಯುಟಿಲ್ --ಸೆಟ್-ಎಸ್‌ಬಿಎಟಿ-ಪಾಲಿಸಿ ಡಿಲೀಟ್’ ಕೊಟ್ಟು, ಒಮ್ಮೆ ರೀಬೂಟ್ ಮಾಡಿ, ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡೋದು. ಹೊಸ ಗ್ರಬ್‌ಗೆ ಅಪ್‌ಡೇಟ್ ಆಗೋದು ಆಮೇಲಿನ ಕೆಲಸ.

ಆದ್ರೆ ಪ್ರಶ್ನೆ ಉಳಿಯುತ್ತೆ. ನೀವು ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಯಾವ ಬೂಟ್‌ಲೋಡರ್ ಓಡಬಹುದು ಅಂತ ಸಹಿ ಹಾಕೋ ಕೀಲಿ ಪೂರ್ವನಿಯೋಜಿತವಾಗಿ ಇರೋದು ಒಂದು ಕಂಪನಿಯ ಕೈಯಲ್ಲಿ. ಉಬುಂಟು, ಫೆಡೋರಾ ಎಲ್ಲವೂ ಆ ಕಂಪನಿ ಸಹಿ ಹಾಕಿದ ‘ಶಿಮ್’ ಅನ್ನೋ ಪುಟ್ಟ ಪ್ರೋಗ್ರಾಂ ಮೂಲಕವೇ ಒಳಗೆ ಬರಬೇಕು. ಸೆಕ್ಯೂರ್ ಬೂಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಕೀಲಿಯನ್ನ ಮಾಲೀಕನೇ ಬದಲಿಸೋಕೆ ಸಾಧ್ಯವಿರಬೇಕು, ಅದು ಬೆಟ್ಟ ಹತ್ತಿದಷ್ಟು ಕಷ್ಟ ಆಗಿರಬಾರದು.

ಊರಿಗೊಂದು ಪೆನ್‌ಡ್ರೈವ್

ಮೇಲಿನ ಯಾವುದೂ ಆಗದಿದ್ರೆ ಲೈವ್ ಪೆನ್‌ಡ್ರೈವ್‌. 8 ಜಿಬಿಯ ಒಂದು ಸಾಕು. ಅದರಿಂದ ಬೂಟ್ ಮಾಡಿ ಮೊದಲು ಫೈಲುಗಳನ್ನ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಧೈರ್ಯವಾಗಿ ರಿಪೇರಿ. ಮಿಂಟ್‌ನ ಲೈವ್ ಮೆನುವಿನಲ್ಲಿ ‘ಬೂಟ್ ರಿಪೇರ್’ ಇದೆ, ಗ್ರಬ್ ಸಮಸ್ಯೆಗಳಿಗೆ ಬಹಳ ಸಲ ಅದೇ ಸಾಕು. ಕೈಯಾರೆ ಮಾಡೋದಾದ್ರೆ ಮುಖ್ಯ ಪಾರ್ಟಿಷನ್‌ ಅನ್ನು ‘/ಎಂಎನ್‌ಟಿ’ಗೆ, ಯುಇಎಫ್‌ಐ ಪಾರ್ಟಿಷನ್‌ ಅನ್ನು ‘/ಎಂಎನ್‌ಟಿ/ಬೂಟ್/ಇಎಫ್‌ಐ’ಗೆ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ‘ಮೌಂಟ್ --ಆರ್‌ಬೈಂಡ್’ ಮೂಲಕ ಒಳಗೆ ಕೊಟ್ಟು, ‘ಸುಡೊ ಸಿಎಚ್‌ರೂಟ್ /ಎಂಎನ್‌ಟಿ’. ಈಗ ನೀವು ಬೂಟ್ ಆಗದ ಸಿಸ್ಟಮ್ ಒಳಗೇ ಕೂತಿದ್ದೀರಿ. ‘ಡಿಪಿಕೆಜಿ --ಕಾನ್ಫಿಗರ್ -ಎ’, ‘ಗ್ರಬ್-ಇನ್‌ಸ್ಟಾಲ್’ (ಹಳೇ ಬಯಾಸ್ ಯಂತ್ರವಾದ್ರೆ ಮುಂದೆ ಡಿಸ್ಕಿನ ಹೆಸರು), ‘ಅಪ್‌ಡೇಟ್-ಗ್ರಬ್’ ಎಲ್ಲಾ ಇಲ್ಲಿಂದಲೇ ನಡೆಯುತ್ತೆ.

ದೇಶದ ಸಹಕಾರ ಚಳವಳಿಗೆ ನಾಂದಿ ಹಾಡಿದ ಸಂಘ 1905ರಲ್ಲಿ ಶುರುವಾಗಿದ್ದು ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ಒಂದು ಪೆನ್‌ಡ್ರೈವನ್ನ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲೋ ಯುವಕ ಮಂಡಳದಲ್ಲೋ ಎಲ್ಲರಿಗೂ ಸಿಗೋ ಹಾಗೆ ಇಡೋದು ಇಲ್ಲಿನವರಿಗೆ ಹೊಸ ವಿಚಾರ ಆಗಬೇಕಿಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಮೇಲೇ ನಡೀತಿರೋದು ಅಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿದ್ದಕ್ಕೆ. ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ ಅನ್ನೋದೊಂದರಿಂದ ಅದು ಆಗಿಲ್ಲ.

ಬಿಲ್ಡ್ ಮುರಿದಾಗ

ಆಪ್ಟ್‌ನಲ್ಲಿ ಸಿಗೋದನ್ನ ಆಪ್ಟ್‌ನಿಂದಲೇ ಹಾಕಿ. ಸೋರ್ಸ್‌ನಿಂದ ಬಿಲ್ಡ್ ಮಾಡೋದು ಅನಿವಾರ್ಯವಾದಾಗ ಮಾತ್ರ. ಅಂಥ ಅನಿವಾರ್ಯಕ್ಕೆ ನಮ್ಮೂರುಗಳ ಉದಾಹರಣೆ ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್. ಝೆರಾಕ್ಸ್ ಅಂಗಡಿ, ಸೊಸೈಟಿ, ವಕೀಲರ ಮೇಜು, ಎಲ್ಲಿ ನೋಡಿದ್ರೂ ಇರುತ್ತೆ. ಕಂಪನಿಯ ಹಳೇ ಲಿನಕ್ಸ್ ಡ್ರೈವರ್ ಹೊಸ ಸಿಸ್ಟಮ್‌ಗಳಲ್ಲಿ ತಕರಾರು ಮಾಡುತ್ತೆ. ಸ್ವಯಂಸೇವಕರು ಬರೆದ ‘ಕ್ಯಾಪ್ಟ್‌ಡ್ರೈವರ್’ ಇದೆ, ಅದನ್ನ ನಾವೇ ಬಿಲ್ಡ್ ಮಾಡ್ಬೇಕು.

ಬಿಲ್ಡ್ ಮುರಿದಾಗ ಎಲ್ಲರೂ ಕೊನೇ ಸಾಲನ್ನ ನಕಲು ಮಾಡಿ ಹುಡುಕ್ತಾರೆ: ‘ಮೇಕ್: ಎರರ್ 2’. ಆ ಸಾಲಿನಲ್ಲಿ ಮಾಹಿತಿಯೇ ಇಲ್ಲ, ಮೇಲೆಲ್ಲೋ ಬಿದ್ದಿದೆ ಅಂತಷ್ಟೇ ಅದರ ಅರ್ಥ. ‘ಮೇಕ್ -ಜೆ1’ ಕೊಟ್ಟು ಒಂದೊಂದೇ ಕೆಲಸ ನಡೆಸಿ, ಔಟ್‌ಪುಟ್ ಅನ್ನು ಫೈಲಿಗೆ ಬರೆಸಿ, ಮೇಲಿನಿಂದ ಮೊದಲ ‘ಎರರ್’ ಹುಡುಕಿ. ‘ಕಪ್ಸ್.ಎಚ್: ನೋ ಸಚ್ ಫೈಲ್’ ಅಂದ್ರೆ ಕಪ್ಸ್ ಇದೆ, ಅದರ ಹೆಡರ್ ಫೈಲುಗಳಿಲ್ಲ. ಡೆಬಿಯನ್ ಕುಟುಂಬದಲ್ಲಿ ಅವು ಹೆಸರಿನ ಕೊನೆಗೆ ‘-ಡೆವ್’ ಇರೋ ಪ್ಯಾಕೇಜಿನಲ್ಲಿರುತ್ತವೆ, ಇಲ್ಲಿ ‘ಲಿಬ್‌ಕಪ್ಸ್2-ಡೆವ್’. ಯಾವ ಪ್ಯಾಕೇಜ್ ಅಂತ ಗೊತ್ತಿಲ್ಲದಿದ್ರೆ ‘ಆಪ್ಟ್-ಫೈಲ್ ಸರ್ಚ್’ ಹೇಳುತ್ತೆ. ‘ಆಟೋರಿಕಾನ್ಫ್: ಕಮಾಂಡ್ ನಾಟ್ ಫೌಂಡ್’ ಅಂದ್ರೆ ಆಟೋಕಾನ್ಫ್, ಆಟೋಮೇಕ್ ಹಾಕಿ. ಒಂದು ದೋಷ ಸರಿಮಾಡಿ ಮತ್ತೆ ಓಡಿಸಿ, ಎರಡನೇದು ಬರುತ್ತೆ. ಅದು ಪ್ರಗತಿ, ಬೈಯಬೇಡಿ.

‘ಕಿಲ್ಡ್’ ಅಂತ ಒಂದೇ ಪದ ಬಂದು ನಿಂತ್ರೆ ಕೋಡಿನ ತಪ್ಪಲ್ಲ, ರ‍್ಯಾಮ್ ಸಾಲ್ತಿಲ್ಲ. 4 ಜಿಬಿ ಯಂತ್ರದಲ್ಲಿ ದೊಡ್ಡ ಸಿ++ ಪ್ರಾಜೆಕ್ಟನ್ನ ‘-ಜೆ8’ ಕೊಟ್ಟು ಓಡಿಸಿದ್ರೆ ಕರ್ನಲ್ ಕಂಪೈಲರನ್ನೇ ಕೊಲ್ಲುತ್ತೆ. ‘-ಜೆ1’ ಕೊಡಿ, ಜೊತೆಗೆ 4 ಜಿಬಿಯ ಸ್ವಾಪ್ ಫೈಲ್ ಮಾಡ್ಕೊಳ್ಳಿ. ನಿಧಾನ, ಆದ್ರೆ ಮುಗಿಯುತ್ತೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ‘ಗಿಟ್ ಕ್ಲೋನ್’ ಅರ್ಧಕ್ಕೆ ಕಡಿದುಹೋಗ್ತಿದ್ರೆ ‘--ಡೆಪ್ತ್ 1’ ಸೇರಿಸಿ, ಹಳೇ ಇತಿಹಾಸ ಬಿಟ್ಟು ಈಗಿನ ಕೋಡಷ್ಟೇ ಬರುತ್ತೆ.

ಪೈಥಾನ್‌ನ ‘ಪಿಪ್’ ಈಗ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಅಂತ ತಡೆಯುತ್ತೆ, ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಹೀಗೆ. ದಾಟೋಕೆ ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಕೊಡಿ ಅಂತ ಯೂಟ್ಯೂಬ್ ಹೇಳುತ್ತೆ. ಹೆಸರಲ್ಲೇ ‘ಸಿಸ್ಟಮ್ ಮುರಿ’ ಅಂತಿದೆ, ಯಾಕೆ ಕೊಡ್ತೀರಿ? ‘ಪೈಥಾನ್3 -ಎಂ ವೆನ್ವ್’ ಬಳಸಿ ಬೇರೆ ಫೋಲ್ಡರ್‌ನಲ್ಲಿ ಹಾಕ್ಕೊಳ್ಳಿ.

ಕೊನೆಗೆ, ಬೂಟ್ ಮತ್ತು ಬಿಲ್ಡ್ ಎರಡೂ ಒಂದಕ್ಕೊಂದು ಗಂಟು ಬೀಳೋ ಜಾಗ: ಡಿಕೆಎಂಎಸ್. ಹೊರಗಿನಿಂದ ಬಿಲ್ಡ್ ಮಾಡಿ ಹಾಕಿದ ವೈಫೈ ಅಥವಾ ಎನ್ವಿಡಿಯಾ ಡ್ರೈವರ್, ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಬಿಲ್ಡ್ ಆಗಬೇಕು. ಆ ಕೆಲಸವನ್ನ ಡಿಕೆಎಂಎಸ್ ಅಪ್‌ಡೇಟ್ ನಡುವೆ ತಾನೇ ಮಾಡುತ್ತೆ. ಡ್ರೈವರ್ ಕೋಡ್ ಹಳೇದಾಗಿ ಬಿಲ್ಡ್ ಬಿದ್ರೆ, ಕರ್ನಲ್ ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತೆ, ಇನಿಟ್‌ರ‍್ಯಾಮ್‌ಎಫ್‌ಎಸ್ ಗಂಟು ಕಟ್ಟಿರೋದಿಲ್ಲ, ಮಾರನೇ ದಿನ ಕರ್ನಲ್ ಪ್ಯಾನಿಕ್. ಬೂಟ್ ಸಮಸ್ಯೆ ಥರ ಕಾಣೋ ಇದು ಹುಟ್ಟಿನಲ್ಲಿ ಬಿಲ್ಡ್ ಸಮಸ್ಯೆ. ಹಳೇ ಕರ್ನಲ್‌ನಿಂದ ಒಳಗೆ ಹೋಗಿ ‘ಡಿಕೆಎಂಎಸ್ ಸ್ಟೇಟಸ್’ ನೋಡಿ, ‘/ವಾರ್/ಲಿಬ್/ಡಿಕೆಎಂಎಸ್’ ಒಳಗಿನ ‘ಮೇಕ್.ಲಾಗ್’ ಓದಿ. ಡ್ರೈವರ್‌ನ ಹೊಸ ಆವೃತ್ತಿ ಇದ್ರೆ ಅದನ್ನ ಹಾಕಿ, ಇಲ್ಲದಿದ್ರೆ ‘ಡಿಕೆಎಂಎಸ್ ರಿಮೂವ್’ ಮಾಡಿ ‘ಡಿಪಿಕೆಜಿ --ಕಾನ್ಫಿಗರ್ -ಎ’ ಮತ್ತೆ ಕೊಡಿ. ಬಿಲ್ಡ್ ಆಗಿಯೂ ಡ್ರೈವರ್ ಲೋಡ್ ಆಗದೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂದ್ರೆ ಸೆಕ್ಯೂರ್ ಬೂಟ್ ತಡೀತಿದೆ. ‘ಮೊಕ್‌ಯುಟಿಲ್ --ಇಂಪೋರ್ಟ್’ ಮೂಲಕ ನಿಮ್ಮದೇ ಕೀಲಿ ಸೇರಿಸಿ, ರೀಬೂಟ್ ಆಗುವಾಗ ಬರೋ ನೀಲಿ ಪರದೆಯಲ್ಲಿ ‘ಎನ್‌ರೋಲ್’ ಒಪ್ಪಿಕೊಳ್ಳಿ. ಆ ಪರದೆ ಕೆಲವೇ ಸೆಕೆಂಡು ಇರುತ್ತೆ. ತಪ್ಪಿಸಿಕೊಂಡ್ರೆ ಮತ್ತೆ ಮೊದಲಿಂದ.